ಮಗಳಿಗೊಂದು ಪತ್ರ: ಹತ್ತಿದ್ದನ್ನೇ ಇನ್ನೊಮ್ಮೆ ಹತ್ತು

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಪಟ್ಟಿಯನ್ನು ನಿಧಾನವಾಗಿ ಓದಿದೆ. ಸಿಕ್ಕಿರುವ ನಾಲ್ಕು ದಿನದ ರಜೆಯಲ್ಲಿ ಅಮೆರಿಕದ ಕಿಂಗ್ಸ್ ಐಲ್ಯಾಂಡ್, ಸೀಡರ್ ಪಾಯಿಂಟ್, ಕೆನ್ನಿವುಡ್ ಎಂಬ ಮೂರು ಮನರಂಜನಾ ಪಾರ್ಕುಗಳನ್ನು ಸುತ್ತಿ, ಅಲ್ಲಿರುವ ರೋಲರ್ ಕೋಸ್ಟರ್‌ಗಳನ್ನೆಲ್ಲ ಒಂದೊಂದು ಸಲ ಹತ್ತಿ, ಹೆಸರಿನ ಮುಂದೆ ಗುರುತು ಹಾಕಿಕೊಂಡು ಬರುವುದು ನಿಮ್ಮ ಗೆಳತಿಯರ ಬಳಗದ ಯೋಜನೆ ಎಂದು ತಿಳಿಯಿತು. ಹೋಗಬೇಡ ಎನ್ನುವ ತಾಯಿ ನಾನಲ್ಲವೆಂಬುದು ನಿನಗೆ ಗೊತ್ತೇ ಇದೆ. ಕೇಂದ್ರಾಭಿಮುಖ ಬಲವನ್ನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದವಳಿಗೆ ಅದನ್ನು ಬೆನ್ನುಮೂಳೆಯಲ್ಲಿ ಅನುಭವಿಸುವ ಅವಕಾಶ ಬೇಡವೆನ್ನಿಸುವುದುಂಟೆ? ನನ್ನ ತಕರಾರು ಇರುವುದು ಆ ‘ಒಂದೊಂದು ಸಲ’ ಎಂಬುದರ ಬಗ್ಗೆ ಮಾತ್ರ. ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಉಳಿದವುಗಳನ್ನು ಎರಡೆರಡು ಸಲ, ಬೇರೆ ಬೇರೆ ಸಾಲುಗಳಲ್ಲಿ ಕುಳಿತು ಹತ್ತಿ ಎಂಬುದು ನನ್ನ ಸಲಹೆ.

ಅದಕ್ಕೆ ಕಾರಣವಿದೆ. ಏರು ದಾಟಿದ ಮೇಲೆ ಸಾಮಾನ್ಯವಾಗಿ ರೋಲರ್ ಕೋಸ್ಟರ್‌ನ ರೈಲಿಗೆ ಯಾವ ಎಂಜಿನ್ನೂ ಇರುವುದಿಲ್ಲ; ಎತ್ತರದಲ್ಲಿ ಗಳಿಸಿದ್ದನ್ನೇ ಅದು ಕೊನೆಯವರೆಗೂ ಖರ್ಚು ಮಾಡುತ್ತಾ ಹೋಗುತ್ತದೆ. ಮೊದಲ ಸಾಲು ತುದಿಯನ್ನು ದಾಟುವಾಗ ಹಿಂದಿನ ಬೋಗಿಗಳು ಇನ್ನೂ ಏರುತ್ತಲೇ ಇರುವುದರಿಂದ ಅವುಗಳ ಭಾರ ರೈಲನ್ನು ಹಿಡಿದಿಟ್ಟಿರುತ್ತದೆ. ಹಾಗಾಗಿ ಮುಂದೆ ಕುಳಿತವರು ಕಾಲಕೆಳಗೆ ಏನೂ ಇಲ್ಲದಂತೆ ಒಂದು ಕ್ಷಣ ತೂಗಾಡಿ, ಬೀಳಲಿರುವ ಪಾತಾಳವನ್ನು ಕಣ್ತುಂಬ ನೋಡಿ, ಆಮೇಲೆ ಇಳಿಯುತ್ತಾರೆ. ಕೊನೆಯ ಸಾಲು ಅದೇ ತುದಿಗೆ ಬರುವಷ್ಟರಲ್ಲಿ ರೈಲಿನ ಬಹುಪಾಲು ಇಳಿಜಾರಿಗೆ ಬಿದ್ದು ವೇಗ ಹಿಡಿದಿರುತ್ತದೆ. ಹಿಂದಿನವರನ್ನು ತುದಿಯ ಮೇಲಿಂದ ಎಳೆದು ಎಸೆದಂತಾಗುತ್ತದೆ, ಮೈ ಸೀಟು ಬಿಟ್ಟು ಮೇಲೇಳುತ್ತದೆ, ತೊಡೆಯ ಮೇಲಿನ ಲ್ಯಾಪ್ ಬಾರ್ ಒಂದೇ ಆಧಾರವಾಗುತ್ತದೆ. ಈ ಸೀಟು ಬಿಡುವ ಗಳಿಗೆಯನ್ನೇ ರೋಲರ್ ಕೋಸ್ಟರ್ ಪ್ರಿಯರು ಏರ್‌ಟೈಮ್ ಎನ್ನುತ್ತಾರೆ. ಹಳಿ ಒಂದೇ, ರೈಲು ಒಂದೇ, ಆದರೆ ಮುಂದಿನ ಸಾಲಿನವರೂ ಹಿಂದಿನ ಸಾಲಿನವರೂ ಇಳಿದು ಬಂದು ಹೇಳುವ ಕಥೆಗಳು ಬೇರೆ ಬೇರೆಯಾಗಿರುತ್ತವೆ.

ಸೀಡರ್ ಪಾಯಿಂಟ್‌ನ ಮಿಲೇನಿಯಂ ಫೋರ್ಸ್‌ನಲ್ಲಿ ಈ ವ್ಯತ್ಯಾಸ ಎಲ್ಲಕ್ಕಿಂತ ಸ್ಪಷ್ಟ. 2000ನೇ ಇಸವಿಯಲ್ಲಿ ತೆರೆದ ಅದರ ಎತ್ತರ 310 ಅಡಿ, ವೇಗ ಗಂಟೆಗೆ 150 ಕಿಲೋಮೀಟರಿನಷ್ಟು, ಮೊದಲ ಇಳಿತ 80 ಡಿಗ್ರಿ. ರೈಲನ್ನು ಮೇಲೆಳೆಯುವುದು ಎಂದಿನ ಕಟಕಟ ಸದ್ದಿನ ಸರಪಳಿಯಲ್ಲ, ಉಕ್ಕಿನ ಹಗ್ಗ. ಆದ್ದರಿಂದ ಹೆದರಿಕೊಳ್ಳಲೂ ಪುರಸೊತ್ತು ಸಿಗದಷ್ಟು ಬೇಗ ತುದಿ ಬಂದುಬಿಡುತ್ತದೆ. ಏರುವಾಗ ಪಕ್ಕದಲ್ಲಿ ಈರಿ ಸರೋವರ ಹರಡಿಕೊಂಡಿರುತ್ತದೆ. ಒಮ್ಮೆ ಮುಂದಿನ ಸಾಲಿಗೆಂದು ಹೆಚ್ಚು ಹೊತ್ತು ಕಾಯಬೇಕಾದರೂ ಕಾಯಿರಿ, ಇನ್ನೊಮ್ಮೆ ಕೊನೆಯ ಸಾಲಿಗೆ ಹೋಗಿ. ಅದೇ ಪಾರ್ಕಿನ ಸ್ಟೀಲ್ ವೆಂಜೆನ್ಸ್ ಕೂಡ ಎರಡು ಸಲದ ಯೋಗ್ಯತೆಯುಳ್ಳದ್ದು. 1991ರಲ್ಲಿ ಕಟ್ಟಿದ್ದ ಮೀನ್ ಸ್ಟ್ರೀಕ್ ಎಂಬ ಮರದ ಕೋಸ್ಟರ್‌ನ ಚೌಕಟ್ಟಿನ ಬಹುಭಾಗವನ್ನು ಉಳಿಸಿಕೊಂಡು, ಅದರ ಮೇಲೆ ಉಕ್ಕಿನ ಹಳಿ ಹಾಸಿ, 2018ರಲ್ಲಿ ಹೊಸದಾಗಿ ತೆರೆದರು. ಇಡೀ ಓಟದಲ್ಲಿ ಸೇರಿಸಿದರೆ 27 ಸೆಕೆಂಡುಗಳಷ್ಟು ಏರ್‌ಟೈಮ್ ಇದೆ. ಕೇಳಲು ಕಡಿಮೆ ಎನಿಸುತ್ತದೆ, ಕುಳಿತವರಿಗೆ ಅಲ್ಲ.

ಇಷ್ಟೊಂದು ಸಲ ಮೈ ಮೇಲೇಳುವಾಗ ರೈಲೇ ಹಳಿ ಬಿಟ್ಟು ಹಾರುವುದಿಲ್ಲವೇಕೆ ಎಂದು ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ಸಾಲಿನಲ್ಲಿ ನಿಂತಿದ್ದಾಗ ನಿಲ್ದಾಣದ ಅಂಚಿನಿಂದ ಬೋಗಿಯ ಕೆಳಗೆ ಒಮ್ಮೆ ಬಗ್ಗಿ ನೋಡು. ಹಳಿಯ ಮೇಲೆ ಓಡುವ ಚಕ್ರಗಳ ಜೊತೆಗೆ ಪಕ್ಕದಿಂದ ಒತ್ತಿ ಹಿಡಿಯುವ ಚಕ್ರಗಳೂ ಹಳಿಯ ಕೆಳಗಿನಿಂದ ಅಪ್ಪಿಕೊಂಡಿರುವ ಚಕ್ರಗಳೂ ಕಾಣಿಸುತ್ತವೆ. ಈ ಕೆಳಚಕ್ರಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಮೊದಲು, 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಲಮಾರ್ಕಸ್ ಥಾಂಪ್ಸನ್ ಆರಂಭಿಸಿದ ಸ್ವಿಚ್‌ಬ್ಯಾಕ್ ಎಂಬ ಆರಂಭಕಾಲದ ಕೋಸ್ಟರ್ ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿತ್ತಷ್ಟೆ. ನಿಮ್ಮ ಮೂರನೆಯ ಪಾರ್ಕಾದ ಕೆನ್ನಿವುಡ್‌ನಲ್ಲಿ ಅದೇ ಮಿಲ್ಲರ್ ರೂಪಿಸಿದ, 1920ರಲ್ಲಿ ತೆರೆದ ಜ್ಯಾಕ್ ರ‍್ಯಾಬಿಟ್ ಎಂಬ ಮರದ ಕೋಸ್ಟರ್ ಇಂದಿಗೂ ಓಡುತ್ತಿದೆ. ಅದರ ಜೋಡಿ ಇಳಿತದಲ್ಲಿ ಒಂದು ಬೀಳು ಮುಗಿಯುವ ಮುನ್ನವೇ ಇನ್ನೊಂದು ಆರಂಭವಾಗಿ ನೂರು ವರ್ಷ ಹಳೆಯ ಆ ಕೋಸ್ಟರ್ ನಿನ್ನನ್ನು ಸೀಟಿನಿಂದ ಎತ್ತಿಬಿಡುತ್ತದೆ. ಕೆಳಚಕ್ರ ಇಲ್ಲದಿದ್ದರೆ ಅಂಥ ಇಳಿತವನ್ನು ಯೋಚಿಸುವಂತೆಯೇ ಇರಲಿಲ್ಲ. ‘ಹಳೆಯದು, ಸಮಯವಿದ್ದರೆ ಮಾತ್ರ’ ಎಂದು ನೀವು ಪಟ್ಟಿಯಲ್ಲಿ ಬರೆದಿರುವುದು ಇದರ ಮುಂದೆಯೇ. ದಯವಿಟ್ಟು ಆ ಟಿಪ್ಪಣಿಯನ್ನು ಹೊಡೆದುಹಾಕು.

ತಲೆಕೆಳಗಾಗುವ ಸುತ್ತುಗಳ ಬಗ್ಗೆ ಹೆದರುವ ಗೆಳತಿಗೆ ಒಂದು ವಿಷಯ ಹೇಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಸುತ್ತುಗಳು ಪೂರ್ಣ ವೃತ್ತಾಕಾರದಲ್ಲಿದ್ದವು. ಅವುಗಳೊಳಗೆ ನುಗ್ಗುವಾಗ ಬೀಳುವ ಹೊಡೆತ ಕುತ್ತಿಗೆಗೆ ತಡೆಯುವಂಥದ್ದಾಗಿರಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ತೆರೆದ ರೆವಲ್ಯೂಷನ್‌ನಿಂದ ಈಚೆಗೆ ಸುತ್ತು ಕಣ್ಣೀರ ಹನಿಯ ಆಕಾರ ಪಡೆಯಿತು. ವೇಗ ಹೆಚ್ಚಿರುವ ಬುಡದಲ್ಲಿ ತಿರುವು ಅಗಲ, ವೇಗ ತಗ್ಗುವ ಮೇಲ್ಭಾಗದಲ್ಲಿ ಕಿರಿದು. ಮೈಮೇಲಿನ ಒತ್ತಡ ಎಲ್ಲಿಯೂ ಅತಿಯಾಗದಂತೆ ಹಂಚಿಹೋಗುತ್ತದೆ. ಇದನ್ನು ತಿಳಿದ ಮೇಲೂ ಅವಳಿಗೆ ಬೇಡವೆನಿಸಿದರೆ ಬಲವಂತ ಮಾಡಬೇಡಿ. ಅಕಸ್ಮಾತ್ ರೈಲು ಏರಿನ ಮಧ್ಯೆ ನಿಂತರೆ ಕಿರುಚುವ ಅಗತ್ಯವೂ ಇಲ್ಲ. ಹಳಿಯನ್ನು ಭಾಗಗಳಾಗಿ ವಿಂಗಡಿಸಿರುತ್ತಾರೆ, ಮುಂದಿನ ಭಾಗದಲ್ಲಿ ಇನ್ನೊಂದು ರೈಲು ಇರುವವರೆಗೆ ಹಿಂದಿನದನ್ನು ವ್ಯವಸ್ಥೆಯೇ ತಡೆದು ನಿಲ್ಲಿಸುತ್ತದೆ.

ಇನ್ನು ಸಮಯದ ಲೆಕ್ಕ. ನಿಮ್ಮ ಯೋಜನೆಯಲ್ಲಿ ಎಲ್ಲಕ್ಕೂ ಒಂದೇ ಅಳತೆಯ ಕಾಯುವಿಕೆಯನ್ನು ಹಾಕಿಕೊಂಡಿದ್ದೀರಿ. ಅದು ಹಾಗೆ ನಡೆಯುವುದಿಲ್ಲ. ಸಾಲಿನ ಉದ್ದವನ್ನು ನೋಡಿ ಮೋಸಹೋಗಬೇಡ, ರೈಲುಗಳು ಹೊರಡುವ ರೀತಿಯನ್ನು ನೋಡು. ಮಿಲೇನಿಯಂ ಫೋರ್ಸ್‌ನ ಒಂದು ರೈಲಿನಲ್ಲಿ 36 ಸೀಟುಗಳಿವೆ. ಎರಡು ನಿಮಿಷಕ್ಕೊಂದು ರೈಲು ಹೊರಟರೂ ಗಂಟೆಗೆ 1,080 ಜನ ಸಾಗುತ್ತಾರೆ, ಅಂದರೆ ಮುಂದೆ ಐನೂರು ಜನರಿದ್ದರೂ ಅರ್ಧ ಗಂಟೆಯೊಳಗೆ ಸರದಿ ಬರುತ್ತದೆ. ಸಣ್ಣ ಬೋಗಿಗಳ, ಒಂದೇ ರೈಲು ಓಡಿಸುವ ಕೋಸ್ಟರ್‌ನ ಮುಂದೆ ನೂರು ಜನರಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದೀತು. ಬಾಗಿಲು ತೆರೆದ ಮೊದಲ ಗಂಟೆ ಚಿನ್ನದಂಥದ್ದು. ಎಲ್ಲರೂ ಹತ್ತಿರದ್ದಕ್ಕೆ ಮುಗಿಬೀಳುವಾಗ ನೀವು ನೇರವಾಗಿ ಪಾರ್ಕಿನ ದೂರದ ತುದಿಗೆ ಹೋಗಿ.

ಸಂಜೆಯನ್ನು ಮಾತ್ರ ಪ್ರಯಾಣಕ್ಕೆ ಕಳೆಯಬೇಡಿ. ದಿನವಿಡೀ ಓಡಿ ಚಕ್ರಗಳೂ ಬೇರಿಂಗಿನ ಗ್ರೀಸೂ ಬೆಚ್ಚಗಾದ ಮೇಲೆ ಅದೇ ರೈಲು ಬೆಳಿಗ್ಗೆಗಿಂತ ಚುರುಕಾಗಿ ಓಡುತ್ತದೆ. ಕಿಂಗ್ಸ್ ಐಲ್ಯಾಂಡ್‌ನ ಬೀಸ್ಟ್ ಅನ್ನು ಕತ್ತಲಾದ ಮೇಲೆಯೇ ಹತ್ತಬೇಕು ಎನ್ನುವುದಕ್ಕೆ ಇದೊಂದು ಕಾರಣ. 1979ರಲ್ಲಿ ತೆರೆದ, 7,300 ಅಡಿಗಿಂತ ಉದ್ದದ, ಜಗತ್ತಿನ ಅತಿ ಉದ್ದದ ಮರದ ಕೋಸ್ಟರ್ ಅದು. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಕಾಡಿನೊಳಗೆ ನುಗ್ಗಿ ಹೋಗುತ್ತದೆ. ಹಗಲಿನಲ್ಲಿ ಮರಗಳ ನಡುವೆ ಹಳಿ ಎತ್ತ ತಿರುಗುತ್ತದೆಂದು ಕಂಡು ಮೈ ಮೊದಲೇ ಸಿದ್ಧವಾಗುತ್ತದೆ. ರಾತ್ರಿ ಏನೂ ಕಾಣದು. ಎರಡನೆಯ ಏರು ಮುಗಿದು ಕೊನೆಯ ಸುರುಳಿಯ ಸುರಂಗಕ್ಕೆ ಬೀಳುವಾಗ ಮರದ ಗಡಗಡ ಸದ್ದೊಂದೇ ದಾರಿ ಹೇಳುತ್ತದೆ. ಹಗಲಿನಲ್ಲಿ ಒಮ್ಮೆ, ರಾತ್ರಿ ಒಮ್ಮೆ ಹತ್ತಿ. ಇದರ ಬದಲಿಗೆ ಅಲ್ಲಿನ ಯಾವ ಎರಡು ಕೋಸ್ಟರ್‌ಗಳನ್ನು ಬೇಕಾದರೂ ಬಿಡಬಹುದು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮೊದಲ ದಿನ ಕಿಂಗ್ಸ್ ಐಲ್ಯಾಂಡ್‌ನಲ್ಲೇ ಮುಚ್ಚುವವರೆಗೆ ಇದ್ದು, ಮರುದಿನ ಬೆಳಿಗ್ಗೆ ಉತ್ತರಕ್ಕೆ ಹೊರಡಿ. ಮೂರು ಗಂಟೆಗೂ ಮೀರಿದ ದಾರಿ, ನಿದ್ದೆಗೆಟ್ಟವರು ವಾಹನ ಓಡಿಸುವುದು ಬೇಡ. ಉಳಿದ ಆ ಮಧ್ಯಾಹ್ನವೂ ಮೂರನೆಯ ದಿನವೂ ಸೀಡರ್ ಪಾಯಿಂಟ್‌ಗೆ ಇರಲಿ, ಏಕೆಂದರೆ ಸರೋವರದೊಳಕ್ಕೆ ಚಾಚಿದ ಆ ಭೂಶಿರದಲ್ಲಿ ಗಾಳಿ ಜೋರಾದರೆ, ಮಿಂಚು ಕಂಡರೆ ಎತ್ತರದ ಕೋಸ್ಟರ್‌ಗಳನ್ನು ನಿಲ್ಲಿಸಿಬಿಡುತ್ತಾರೆ. ಒಂದೇ ದಿನ ಇಟ್ಟುಕೊಂಡರೆ ಮಿಲೇನಿಯಂ ಫೋರ್ಸ್ ಅನ್ನು ಕೆಳಗಿನಿಂದ ನೋಡಿ ಬರಬೇಕಾದೀತು. ಅಂಥ ಹೊತ್ತಿನಲ್ಲಿ, ತೆರೆದಿದ್ದರೆ, 1964ರ ಬ್ಲೂ ಸ್ಟ್ರೀಕ್‌ಗೆ ಹೋಗಿ; ಎತ್ತರ ಕಡಿಮೆ, ಕುಣಿತ ಹೆಚ್ಚು.

ತಲೆಯನ್ನು ಸೀಟಿನ ಹಿಂಬದಿಗೆ ಒತ್ತಿ, ನೋಟವನ್ನು ಮುಂದಿನ ಹಳಿಯ ಮೇಲಿಡು; ತಲೆಸುತ್ತು ಕಡಿಮೆಯಾಗುತ್ತದೆ. ನೀರು ಕುಡಿಯುತ್ತಿರು. ಕನ್ನಡಕಕ್ಕೆ ಕಟ್ಟುವ ದಾರವನ್ನು ಮರೆಯಬೇಡ, ಫೋನನ್ನು ಲಾಕರಿನಲ್ಲಿಟ್ಟೇ ಹತ್ತು. ಹೊಸ ಪಟ್ಟಿ ಸಿದ್ಧವಾದ ಕೂಡಲೇ ನನಗೆ ಕಳುಹಿಸು. ಜ್ಯಾಕ್ ರ‍್ಯಾಬಿಟ್‌ನ ಜೋಡಿ ಇಳಿತದಲ್ಲಿ ಯಾವ ಸಾಲಿನವರು ಹೆಚ್ಚು ಮೇಲೆದ್ದರೆಂದು ಬಂದ ಮೇಲೆ ನೀನು ಹೇಳಬೇಕು. ಕೊನೆಯ ಸಾಲು ಎಂಬುದು ನನ್ನ ಊಹೆ.

ಇತಿ,
ನಿನ್ನ ಅಮ್ಮ