ಅರವತ್ತು ದಾಟಿದವರ ಹೆಸರಲ್ಲೂ ಒಂದಿಷ್ಟು ದುಡ್ಡು ಇರಲಿ

ಸಂಪಾದಕರಿಗೆ,

ಮಾನ್ಯರೆ,

ನಿಮ್ಮ ಪತ್ರಿಕೆಯ ಹಣಕಾಸಿನ ಪುಟವನ್ನು ತಪ್ಪದೆ ಓದುವವಳು ನಾನು. ಅದರಲ್ಲಿ ಬರುವ ಸಲಹೆಗಳು ಒಳ್ಳೆಯವೇ. ಆದರೆ ಬಹುಪಾಲು ಲೇಖನಗಳು ಮೂವತ್ತರ ಆಸುಪಾಸಿನ, ಒಂದನೇ ತಾರೀಖಿಗೆ ಸಂಬಳ ಎಣಿಸುವ, ಗಂಡ-ಹೆಂಡತಿ ಇಬ್ಬರೇ ಇರುವ ಮನೆಯವರಿಗಾಗಿ ಬರೆದಂತಿರುತ್ತವೆ. ನಮ್ಮ ಕಡೆ ಒಂದೇ ಮನೆಯಲ್ಲಿ ಮೂರು ವಯಸ್ಸಿನವರು ಇರುತ್ತಾರೆ, ಮೂವರಿಗೂ ಇರುವುದು ಒಂದೇ ಗಂಟು. ಆ ಗಂಟಿನಲ್ಲಿ ಯಾರ ಪಾಲು ಮೊದಲು ಕರಗುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಕಲಬುರಗಿಯಲ್ಲಿ ಅಂಚೆ ಕಚೇರಿಯ ಆರ್.ಡಿ. (ತಿಂಗಳು ತಿಂಗಳು ಕಂತು ಕಟ್ಟುವ ಉಳಿತಾಯ ಖಾತೆ) ಏಜೆಂಟ್. ಮಹಿಳಾ ಪ್ರಧಾನ ಕ್ಷೇತ್ರೀಯ ಬಚತ್ ಯೋಜನೆಯ ಹೆಸರಿನಲ್ಲಿ 1972ರಿಂದ ಹೆಂಗಸರಿಗೆ ಕೊಡುತ್ತ ಬಂದಿರುವ ಏಜೆನ್ಸಿ ಇದು. ಬ್ರಹ್ಮಪುರ, ಶಹಾಬಜಾರ, ಗಾಜಿಪುರದ ಓಣಿಗಳಲ್ಲಿ ಮನೆಮನೆಗೆ ಹೋಗಿ ಕಂತು ತೆಗೆದುಕೊಂಡು, ಅವರ ಕಾರ್ಡಿನಲ್ಲಿ ಬರೆದು ಸಹಿ ಹಾಕಿ, ಅಂಚೆ ಕಚೇರಿಗೆ ಕಟ್ಟುವುದು ನನ್ನ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ನೂರು ರೂಪಾಯಿಯ ಖಾತೆ ತೆರೆದ ಹುಡುಗಿಯರು ಈಗ ಮನೆಗೆ ಸೊಸೆ ತಂದುಕೊಂಡಿದ್ದಾರೆ. ಒಂದು ಮನೆಯ ದುಡ್ಡು ವಯಸ್ಸಿನ ಜೊತೆ ಹೇಗೆ ಹೊರಳುತ್ತದೆ ಎಂಬುದು ನನಗೆ ಆ ಕಾರ್ಡುಗಳಲ್ಲೇ ಕಾಣುತ್ತದೆ.

ಇಪ್ಪತ್ತೈದರ ಹುಡುಗರಿಗೆ ದುಡ್ಡು ಫೋನಿನೊಳಗೆ ಇರುತ್ತದೆ. ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಮಗ ಫೋನ್‌ಪೇ ಮಾಡುತ್ತಾನೆ, ತಾಯಿ ಪಕ್ಕದ ಮನೆಯವರ ಕೈಯಲ್ಲಿ ಬಾಕಿ ನೋಡಿಸಿಕೊಳ್ಳುತ್ತಾಳೆ. ಬೈಕಿನ ಕಂತು, ಮೊಬೈಲಿನ ಕಂತು ಅಂತ ಈ ಹುಡುಗರನ್ನು ಎಲ್ಲರೂ ಬೈಯುತ್ತಾರೆ. ಆ ಬೈಗುಳ ಪೂರ್ತಿ ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಬೈಯುವ ಹಿರಿಯರೂ ಮಿರಗದ ಮಳೆ ಬಿದ್ದ ಕೂಡಲೇ ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತಿ ದಲಾಲರ ಅಂಗಡಿಯಿಂದ ಬೀಜ-ಗೊಬ್ಬರಕ್ಕೆ ದುಡ್ಡು ಎತ್ತಿ, ಎಳ್ಳ ಅಮಾವಾಸ್ಯೆ ಕಳೆದು ತೊಗರಿ ಮಾರಿದ ಮೇಲೆ ಮಾರಾಟದ ಪಟ್ಟಿಯಲ್ಲೇ ಆ ಸಾಲ ಮುರಿಸಿಕೊಂಡು ಬಂದವರೇ. ಅದೂ ಸಾಲ, ಇದೂ ಸಾಲ. ಒಂದೇ ವ್ಯತ್ಯಾಸ: ಅಪ್ಪನ ಸಾಲ ಪೀಕು (ಬೆಳೆ) ಬಂದಾಗ ತೀರುತ್ತಿತ್ತು, ಮಗನ ಕಂತು ಪೀಕು ಬರಲಿ ಬಿಡಲಿ ತಿಂಗಳ ಐದನೇ ತಾರೀಖಿಗೆ ಬಂದು ನಿಲ್ಲುತ್ತದೆ. ಸಂಬಳ ಇರುವವನು ತಡೆದುಕೊಳ್ಳುತ್ತಾನೆ. ಹೊಲದ ದುಡ್ಡು ನಂಬಿ ಟ್ರ್ಯಾಕ್ಟರೋ ಬೈಕೋ ತಂದವನು ಒದ್ದಾಡುತ್ತಾನೆ. ಇಂಥ ಮನೆಗಳಿಗೆ ನಾನು ಹೇಳುವುದು ಇಷ್ಟೇ: ತೊಗರಿ ದುಡ್ಡು ಬಂದಾಗಲೇ ಇಡೀ ವರ್ಷದ ಆರ್.ಡಿ. ಕಟ್ಟಿಬಿಡಿ. ಹನ್ನೆರಡು ತಿಂಗಳದ್ದು ಒಮ್ಮೆಲೇ ಮುಂಗಡ ಕಟ್ಟಿದರೆ ನೂರು ರೂಪಾಯಿಯ ಖಾತೆಗೆ 40 ರೂಪಾಯಿ ರಿಯಾಯಿತಿ ಉಂಟು. ಇದು ಅಂಚೆ ಕಚೇರಿಯ ಹಳೆಯ ನಿಯಮ, ಆದರೂ ಬಹಳ ರೈತರಿಗೆ ಗೊತ್ತಿಲ್ಲ.

ಈ ವಯಸ್ಸಿನವರಿಗೆ ಮುಪ್ಪಿನ ಮಾತು ಹೇಳಿದರೆ ನಗುತ್ತಾರೆ. ಅಟಲ್ ಪಿಂಚಣಿಯ ಕೋಷ್ಟಕ ಮುಂದಿಟ್ಟರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅರವತ್ತರ ನಂತರ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ ಹದಿನೆಂಟಕ್ಕೆ ಸೇರಿದವರು ಕಟ್ಟಬೇಕಾದದ್ದು ತಿಂಗಳಿಗೆ 210 ರೂಪಾಯಿ, ನಲವತ್ತಕ್ಕೆ ಸೇರಿದವರು 1,454 ರೂಪಾಯಿ. ಪಿಂಚಣಿ ಇಬ್ಬರಿಗೂ ಅಷ್ಟೇ. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಇದಕ್ಕೆ ಸೇರಲು ಅವಕಾಶವಿಲ್ಲ, ಉಳಿದ ದುಡಿಯುವ ಮಕ್ಕಳು ಸೇರಬಹುದು.

ಮೂವತ್ತೈದು-ನಲವತ್ತರ ಮನೆಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತಿರುವ ಪಾಡು. ಜೂನ್ ಬಂತೆಂದರೆ ನನ್ನ ವಸೂಲಿ ಇಳಿಯುತ್ತದೆ. "ಅಕ್ಕೋರೆ, ಸಾಲಿ ಫೀಸ್ ಕಟ್ಟೀವ್ರಿ, ಮುಂದಿನ ತಿಂಗಳ ಎರಡೂ ಕೂಡೇ ಕೊಡ್ತೀವಿ" ಎಂಬ ಮಾತು ಓಣಿಯ ಉದ್ದಕ್ಕೂ ಕೇಳಿಸುತ್ತದೆ. ತಪ್ಪಿದ ಕಂತಿಗೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕಕ್ಕಿಂತ ಹೆಚ್ಚು ಕಂತು ತಪ್ಪಿದರೆ ಖಾತೆಯೇ ನಿಲ್ಲುತ್ತದೆ. ಆದರೂ ಈ ವಯಸ್ಸಿನ ತಾಯಂದಿರು ಹತ್ತು ವರ್ಷದೊಳಗಿನ ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿ, ತಮ್ಮ ಸೀರೆ ಖರ್ಚು ಉಳಿಸಿಯಾದರೂ ಕಟ್ಟುವುದನ್ನು ನೋಡಿದ್ದೇನೆ. ನಮ್ಮ ಭಾಗದ ಹೆಣ್ಣುಮಕ್ಕಳ ಬಗ್ಗೆ ಮಾತಾಡುವಾಗ ಈ ತಾಯಂದಿರನ್ನೂ ನೆನೆಯಬೇಕು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಅರವತ್ತರ ಆಚೆಯವರ ಮಾತು.

ನಮ್ಮಲ್ಲಿ ಅರವತ್ತು ಸಮೀಪಿಸಿದವರು ಕೈ ಖಾಲಿ ಮಾಡಿಕೊಳ್ಳುವುದನ್ನೇ ದೊಡ್ಡ ಧರ್ಮವೆಂದು ತಿಳಿಯುತ್ತಾರೆ. ನಿವೃತ್ತಿಯ ಗ್ರಾಚ್ಯುಟಿ ಬಂತು, ಮಗನ ಪ್ಲಾಟಿಗೆ ಕೊಟ್ಟರು. ಐದು ತೊಲಿ ಬಂಗಾರ ಇತ್ತು, ಮಗಳ ಮದುವೆಗೆ ಹಾಕಿದರು. ಉಳಿದದ್ದು ಮನೆ, ಅದನ್ನು ಮಗನ ಹೆಸರಿಗೆ ಬರೆದರು. ಊರವರು "ಎಲ್ಲಾ ಜವಾಬ್ದಾರಿ ಮುಗಿಸ್ಯಾರ ನೋಡ್ರಿ" ಅಂತ ಹೊಗಳುತ್ತಾರೆ. 2006ರ ಏಪ್ರಿಲ್‌ಗಿಂತ ಮುಂಚೆ ಸರ್ಕಾರಿ ನೌಕರಿ ಸೇರಿದ ಮಾಸ್ತರರಿಗೆ ಹೇಗೋ ನಡೆಯುತ್ತದೆ, ತಿಂಗಳ ಪಿಂಚಣಿ ಬರುತ್ತದೆ. ಆದರೆ ಈ ಊರಿನಲ್ಲಿ ಅಂಗಡಿ ಲೆಕ್ಕ ಬರೆದವರು, ದಾಲ್ ಮಿಲ್ಲಿನಲ್ಲಿ ದುಡಿದವರು, ಆಟೊ ಓಡಿಸಿದವರು, ರೊಟ್ಟಿ ಬಡಿದು ಮಾರಿದ ಹೆಂಗಸರು ಲೆಕ್ಕವಿಲ್ಲದಷ್ಟು. ಅವರಿಗೆ ಅರವತ್ತರ ಮರುದಿನದಿಂದ ಬರುವುದು ಏನೂ ಇಲ್ಲ.

ನನ್ನ ಖಾತೆದಾರರಲ್ಲಿ ಒಬ್ಬ ಆಯಿ ಇದ್ದಾರೆ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿ. ಗಂಡ ಹೋದ ಮೇಲೆ ಮನೆ ಮಗನ ಹೆಸರಿಗಾಯಿತು. ನಾನು ಹೋದಾಗ ಸೊಸೆ ಅಡುಗೆಮನೆಗೆ ಹೋಗುವವರೆಗೂ ಮಾತು ತೆಗೆಯುವುದಿಲ್ಲ. ಆಮೇಲೆ ಸೆರಗಿನ ತುದಿಯ ಗಂಟು ಹಲ್ಲಿನಲ್ಲಿ ಬಿಚ್ಚಿ, ಬೆವರಿಗೆ ಮೆತ್ತಗಾದ ಹತ್ತರ, ಇಪ್ಪತ್ತರ ನೋಟುಗಳನ್ನು ಮೊಣಕಾಲ ಮೇಲೆ ಒಂದೊಂದಾಗಿ ತೀಡಿ ನೂರು ಮಾಡಿ ಕೊಡುತ್ತಾರೆ. ಕಾರ್ಡು ನನ್ನ ಹತ್ತಿರವೇ ಇರಲಿ ಅಂದರು, ನಾನು ಒಪ್ಪಲಿಲ್ಲ. ಕಾರ್ಡು ಖಾತೆದಾರರ ಹತ್ತಿರವೇ ಇರಬೇಕು. ಈಗ ಅದು ಅವರ ಜೋಳದ ಡಬ್ಬಿಯಲ್ಲಿದೆ. ನಾಮಿನಿ ಯಾರೆಂದು ನೋಡಿದರೆ ಇನ್ನೂ ತೀರಿಹೋದ ಗಂಡನ ಹೆಸರು. ಮೊನ್ನೆ ಮಗಳ ಹೆಸರು ಬರೆಸಿದೆವು. ಅಂಗೂಠಾ ಹಾಕಿ, "ಇದು ನಂದೇ ರೊಕ್ಕ ಅಲ್ಲೇನವ್ವ, ಯಾರ್ನೂ ಕೇಳೂದು ಬ್ಯಾಡಲ್ಲ?" ಅಂತ ಎರಡು ಸಲ ಕೇಳಿದರು.

ಇಂಥ ಮನೆಗಳಲ್ಲಿ ಮಗ-ಸೊಸೆ ಕೆಟ್ಟವರೆಂದು ಬರೆಯುವುದು ಸುಲಭ. ನಾನು ಕಂಡಂತೆ ಬಹಳ ಕಡೆ ಹಾಗಿಲ್ಲ. ತಾಯಿಗೆ ಮೊಣಕಾಲಿನ ಆಪರೇಷನ್ ಆಗಬೇಕಾದ ವಯಸ್ಸು ಮತ್ತು ಮೊಮ್ಮಗನ ಕಾಲೇಜು ಫೀಸಿನ ವಯಸ್ಸು ಒಟ್ಟೊಟ್ಟಿಗೇ ಬರುತ್ತವೆ. ಮಗನ ಕೈಯಲ್ಲಿರುವುದು ಒಂದೇ ಪಗಾರ. ಫೀಸಿಗೆ ಕೊನೆಯ ದಿನ ಇರುತ್ತದೆ, ಮೊಣಕಾಲಿನ ನೋವಿಗೆ ಇರುವುದಿಲ್ಲ. ಹಾಗಾಗಿ ಪ್ರತಿ ಸಲ ತಾಯಿಯೇ "ನಂದ ಆಮ್ಯಾಲ ನೋಡೂಣು ಬಿಡಪ್ಪ" ಅನ್ನುತ್ತಾಳೆ. ಆ ಪಗಾರದ ಹೊರಗೆ ಅವಳ ಹೆಸರಲ್ಲೇ ಒಂದಿಷ್ಟು ದುಡ್ಡು ಇದ್ದಿದ್ದರೆ ಮಗನಿಗೂ ಹಗುರಾಗುತ್ತಿತ್ತು.

ನನಗೂ ಈಗ ಐವತ್ತೇಳು. ನಮ್ಮ ಯಜಮಾನರದು ಖಾಸಗಿ ಅಂಗಡಿಯ ಲೆಕ್ಕದ ಕೆಲಸ, ಪಿಂಚಣಿ ಇಲ್ಲ. ಆಳಂದದ ಕಡೆ ನಾಲ್ಕು ಎಕರೆ ಹೊಲ ಇದೆ. ಹೋದ ವರ್ಷ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ, ಎಲ್ಲರೂ ಬನ್ನಿ ಗಿಡದ ಕೆಳಗೆ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಉಣ್ಣಲು ಕೂತಾಗ ಇಬ್ಬರು ಗಂಡುಮಕ್ಕಳಿಗೂ ಹೇಳಿದೆವು: ನಾವಿಬ್ಬರೂ ಇರುವವರೆಗೆ ಹೊಲ ಪಾಲಾಗುವುದಿಲ್ಲ, ಅದರ ತೊಗರಿ ದುಡ್ಡು ನಮ್ಮ ಔಷಧಕ್ಕೆ, ನಮ್ಮ ಊಟಕ್ಕೆ. ಹಿರಿಯವನು ಮುಖ ಸಣ್ಣ ಮಾಡಿದ. "ನಾವ್ ನೋಡ್ಕೊಳ್ಳಂಗಿಲ್ಲ ಅಂತ ತಿಳ್ಕೊಂಡಿಯೇನವ್ವ?" ಅಂದ. ನೀನು ನೋಡಿಕೊಳ್ಳುತ್ತಿ, ನಿನ್ನ ಮಗಳ ಫೀಸೂ ನೋಡಿಕೊಳ್ಳಬೇಕು, ಎರಡೂ ಒಂದೇ ತಿಂಗಳು ಬಂದರೆ ನೀನು ಯಾವುದು ಬಿಡುತ್ತಿ ಅಂತ ಕೇಳಿದೆ. ಅವನು ಉತ್ತರ ಹೇಳಲಿಲ್ಲ. ಸೊಸೆಯೇ "ಅತ್ತಿ ಹೇಳೂದು ಖರೇ ಅದ" ಅಂದಳು. ಈ ಮಾತು ಆಡಲು ನನಗೆ ಸುಲಭವಾಗಿರಲಿಲ್ಲ, ಆದರೆ ಪ್ರತಿ ಮನೆಯಲ್ಲೂ ಯಾರಾದರೂ ಆಡಲೇಬೇಕು, ಅದೂ ಕೈಕಾಲು ಗಟ್ಟಿ ಇರುವಾಗ.

ಆಸ್ತಿ ಬರೆದುಕೊಡಲೇಬೇಕು ಎನ್ನುವವರಿಗೂ ಕಾನೂನಿನ ಆಸರೆ ಇದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಕಲಂ ಪ್ರಕಾರ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೆ ಹೋದರೆ ರದ್ದು ಮಾಡಿಸಬಹುದು. ಆದರೆ ಆ ಷರತ್ತು ಇರಬೇಕು. ಇಲ್ಲದಿದ್ದರೆ ಈ ಕಲಂ ಅನ್ವಯಿಸದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಬ್‌ರಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ದಸ್ತಾವೇಜು ಬರೆಯುವವರು "ಪ್ರೀತಿ ವಿಶ್ವಾಸದಿಂದ" ಎಂದು ಬರೆದು ಮುಗಿಸಿಬಿಡುತ್ತಾರೆ. ಆ ಒಂದು ಸಾಲು, ಅಂದರೆ ಊಟ, ವಸತಿ, ಔಷಧ ನೋಡಿಕೊಳ್ಳತಕ್ಕದ್ದು ಎಂಬ ಸಾಲು, ಬರೆಸಲು ಹೆಚ್ಚಿನ ಖರ್ಚಿಲ್ಲ. ಅಪ್ಪ-ಅಮ್ಮನೇ ಕೇಳಿ ಬರೆಸಬೇಕು, ಮಗ ಪಕ್ಕದಲ್ಲೇ ನಿಂತಿದ್ದರೂ ಕೇಳಬೇಕು. ಮಕ್ಕಳು ಕೈಬಿಟ್ಟರೆ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು, ಅದಕ್ಕೆ ವಕೀಲರು ಬೇಕೆಂದೇನಿಲ್ಲ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಒಂದು ಇಡಿಗಂಟು ಕೈಗೆ ಬಂದವರಿಗೆ ಇನ್ನೊಂದು ಮಾತು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಈಗ ಶೇ 8.2 ಬಡ್ಡಿ ಇದೆ. ಐದು ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 10,250 ರೂಪಾಯಿ ಖಾತೆಗೆ ಬೀಳುತ್ತದೆ, ಅಸಲು ಹಾಗೇ ಇರುತ್ತದೆ. ಗರಿಷ್ಠ 30 ಲಕ್ಷದವರೆಗೆ ಇಡಬಹುದು. ಇದರಲ್ಲಿ ನನಗೆ ಒಂದು ಪೈಸೆ ಕಮಿಷನ್ ಇಲ್ಲ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ನೂರಕ್ಕೆ ತಿಂಗಳಿಗೆ ಮೂರು ಕೊಡುತ್ತೇವೆ ಎಂದು ಸೂಟುಬೂಟು ಹಾಕಿಕೊಂಡು ಮನೆಗೆ ಬರುವವರು ಹುಡುಕುವುದು ಇದೇ ಗಂಟನ್ನು. ನಿವೃತ್ತಿಯ ಬೀಳ್ಕೊಡುಗೆಯ ಶಾಲು ಇನ್ನೂ ಮಡಚಿರುವುದಿಲ್ಲ, ಅಷ್ಟರಲ್ಲಿ ಬಾಗಿಲು ಬಡಿದಿರುತ್ತಾರೆ. ಇಡೀ ಜೀವಮಾನ ಪೈಸೆಗೆ ಪೈಸೆ ಲೆಕ್ಕ ಇಟ್ಟವರೇ ಆ ವಯಸ್ಸಿನಲ್ಲಿ ಮೋಸ ಹೋಗುತ್ತಾರೆ. ದುಡಿಮೆ ನಿಂತಿದೆ, ಇದ್ದದ್ದನ್ನು ಬೇಗ ಬೆಳೆಸಬೇಕು ಎಂಬ ಹೆದರಿಕೆ ಅವರನ್ನು ಅಲ್ಲಿಗೆ ತಳ್ಳುತ್ತದೆ.

ಗೃಹಲಕ್ಷ್ಮಿಯ ಎರಡು ಸಾವಿರದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. 2023ರಲ್ಲಿ ಅದು ಶುರುವಾದ ಮೇಲೆ ನನ್ನ ಓಣಿಗಳಲ್ಲಿ ಹೊಸ ಖಾತೆ ತೆರೆದವರಲ್ಲಿ ಅತ್ತೆಯಂದಿರೇ ಹೆಚ್ಚು, ಏಕೆಂದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಅದರಲ್ಲಿ ಒಂದು ಸಾವಿರ ಆರ್.ಡಿ.ಗೆ ಕಟ್ಟುವ ಹೆಂಗಸಿಗೆ ಈಗಿನ ಶೇ 6.7 ಬಡ್ಡಿಯಲ್ಲಿ ಐದು ವರ್ಷಕ್ಕೆ 71 ಸಾವಿರಕ್ಕೂ ಸ್ವಲ್ಪ ಹೆಚ್ಚು ಕೈಗೆ ಬರುತ್ತದೆ. ತನ್ನ ಹೆಸರಿನಲ್ಲಿ ಅಷ್ಟು ದುಡ್ಡು ಹಿಂದೆಂದೂ ನೋಡದವರು ಇವರು. ಈ ದುಡ್ಡಿನ ಬಗ್ಗೆ ಹಗುರವಾಗಿ ಮಾತಾಡುವವರು ಒಮ್ಮೆ ನನ್ನ ಜೊತೆ ಮನೆಗಳಿಗೆ ಬರಬೇಕು.

ಸಂಪಾದಕರೇ, ನಿಮ್ಮಲ್ಲಿ ನನ್ನ ವಿನಂತಿ ಇದು. ಹಣಕಾಸಿನ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಐವತ್ತೈದು ದಾಟಿದವರಿಗಾಗಿ ಒಂದು ಅಂಕಣ ಇರಲಿ. ನಾಮಿನಿ ಬದಲಿಸುವುದು ಹೇಗೆ, ದಾನಪತ್ರದಲ್ಲಿ ಏನು ಬರೆಸಬೇಕು, ಮಗ ಸಾಲಕ್ಕೆ ಜಾಮೀನು ಕೇಳಿದರೆ ಏನು ವಿಚಾರಿಸಬೇಕು, ಹೊಲದ ಆದಾಯ ಇರುವವರು ಹೇಗೆ ಇಡಬೇಕು ಎಂಬುದನ್ನು ತಿಳಿದವರಿಂದ ಬರೆಸಿ. ಓದುಗರ ಪ್ರಶ್ನೆಗೂ ಜಾಗ ಕೊಡಿ, ಮೊದಲ ಪ್ರಶ್ನೆಗಳನ್ನು ನಮ್ಮ ಓಣಿಗಳಿಂದ ನಾನೇ ಬರೆದುಕೊಂಡು ಕಳಿಸುತ್ತೇನೆ. ಅಕ್ಷರ ಮಾತ್ರ ದಪ್ಪ ಇರಲಿ, ಬಹಳ ಮಂದಿಗೆ ಕಣ್ಣಿನ ಪೊರೆ ಬಂದಿದೆ.

ಇಂತಿ,
ಅಂಚೆ ಉಳಿತಾಯದ ಮಹಿಳಾ ಏಜೆಂಟ್,
ಶಹಾಬಜಾರ, ಕಲಬುರಗಿ