ಲೆವರ್‌ಕುಸನ್‌ನಿಂದ ತಮ್ಮನಿಗೆ

ಲೆವರ್‌ಕುಸನ್, ಜೂನ್ 2024

ಪ್ರೀತಿಯ ತಮ್ಮನಿಗೆ,

ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು. ಇಲ್ಲಿನ ಫುಟ್‌ಬಾಲ್ ತಂಡ ಬಾಯರ್ ಲೆವರ್‌ಕುಸನ್‌ನ ರಚನೆಯನ್ನು ನಿನ್ನ ಹುಡುಗರಿಗೆ ಕಲಿಸಬಹುದೇ ಎಂದು ಕೇಳಿದ್ದೀಯ, ಜೊತೆಗೆ ಕೊನೇ ನಿಮಿಷದಲ್ಲಿ ಗೋಲು ಹೊಡೆದು ಬಚಾವಾದ ತಂಡ ಇದು, ಬರೀ ಅದೃಷ್ಟ ಎಂದೂ ಬರೆದಿದ್ದೀಯ. ಹಾಗಲ್ಲ ಮಾರಾಯ. ಈ ಋತುವಿನಲ್ಲಿ ಜರ್ಮನಿಯ ಅತ್ಯುನ್ನತ ಲೀಗ್ ಬುಂಡೆಸ್‌ಲಿಗಾದಲ್ಲಿ 34 ಪಂದ್ಯ, 28 ಗೆಲುವು, 6 ಡ್ರಾ, ಸೋಲೇ ಇಲ್ಲ. ಹೊಡೆದದ್ದು 89 ಗೋಲು, ತಿಂದದ್ದು 24. ಸತತ 11 ವರ್ಷ ಲೀಗ್ ಗೆದ್ದ ಬಾಯರ್ನ್ ಮ್ಯೂನಿಕ್ ತಂಡವನ್ನು ಫೆಬ್ರವರಿಯಲ್ಲಿ 3-0 ಸೋಲಿಸಿದಾಗ ಕೊನೇ ನಿಮಿಷದ ತನಕ ಕಾಯಬೇಕಾಗಿಯೇ ಬರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಶಾಬಿ ಅಲೊನ್ಸೊ ತರಬೇತುದಾರರಾಗಿ ಬಂದಾಗ 8 ಪಂದ್ಯಕ್ಕೆ 5 ಪಾಯಿಂಟ್, 18 ತಂಡಗಳಲ್ಲಿ 17ನೇ ಸ್ಥಾನ. ಅವರು ಮೊದಲು ಹಿಂದಿನ ಸಾಲನ್ನು ಭದ್ರ ಮಾಡಿದರು. ಚೆಂಡು ಸಿಕ್ಕ ಕೂಡಲೇ ವೇಗದ ಓಟಗಾರರಾದ ಡಿಯಾಬಿ, ಫ್ರಿಂಪಾಂಗ್ ಮುಂದಕ್ಕೆ ನುಗ್ಗುವುದು, ಅಷ್ಟೇ. ಆ ವರ್ಷ 6ನೇ ಸ್ಥಾನ. ಆದರೆ ಎದುರಾಳಿ ತನ್ನ ಗೋಲಿನ ಮುಂದೆಯೇ ಗುಂಪುಕಟ್ಟಿ ನಿಂತರೆ ಓಟಗಾರನಿಗೆ ಓಡಲು ಜಾಗವೆಲ್ಲಿ? ನನ್ನ ಪ್ರಕಾರ 2023ರ ಬೇಸಿಗೆಯ ಖರೀದಿಯ ಗುಟ್ಟು ಇದೇ. ಡಿಯಾಬಿಯನ್ನು ಆಸ್ಟನ್ ವಿಲ್ಲಾಕ್ಕೆ ಮಾರಿದರು. ಆಟದ ವೇಗ ಹಿಡಿದಿಡಲು ಆರ್ಸೆನಲ್‌ನಿಂದ ಜಾಕಾ, ಎಡಬದಿಗೆ ಬೆನ್ಫಿಕಾದ ಗ್ರಿಮಾಲ್ಡೊ (ವರ್ಗಾವಣೆ ಶುಲ್ಕವೇ ಇಲ್ಲ!), ಎದುರಾಳಿಯ ಸಾಲುಗಳ ನಡುವೆ ಆಡಲು ಹಾಫ್‌ಮನ್, ಮುಂದೆ ಬೋನಿಫೇಸ್. ಹೆಸರು ನೋಡಿ ಕೊಂಡದ್ದಲ್ಲ, ಖಾಲಿ ಇದ್ದ ಜಾಗ ನೋಡಿ ಕೊಂಡದ್ದು.

ನೀನು ಕೇಳಿದ 3-4-2-1 ರಚನೆ (ಹಿಂದಿನಿಂದ ಮುಂದಕ್ಕೆ ಸಾಲಿಗೆ ಅಷ್ಟಷ್ಟು ಜನ) ಕಾಗದದ ಮೇಲೆ ಮಾತ್ರ. ಚೆಂಡು ತಮ್ಮಲ್ಲಿದ್ದಾಗ ಹಿಂದೆ 3, ಅವರ ಮುಂದೆ ಜಾಕಾ ಮತ್ತು ಪಲಾಸಿಯೊಸ್ ಅಥವಾ ಆಂಡ್ರಿಶ್, ಉಳಿದ 5 ಜನ (ವಿರ್ಟ್ಸ್, ಹಾಫ್‌ಮನ್, ಬೋನಿಫೇಸ್, ಎರಡು ಬದಿಯಲ್ಲಿ ಫ್ರಿಂಪಾಂಗ್, ಗ್ರಿಮಾಲ್ಡೊ) ಮುಂದೆ. ಆ ಇಬ್ಬರು ಮಿಡ್‌ಫೀಲ್ಡರ್‌ಗಳು, ವಿರ್ಟ್ಸ್, ಹಾಫ್‌ಮನ್ ಸೇರಿದರೆ ನಡುವಿನಲ್ಲಿ ನಾಲ್ಕು ಮೂಲೆಯ ಚೌಕ. ಎದುರಾಳಿಗೆ ನಡುವೆ ಇಬ್ಬರೇ ಇದ್ದರೆ ಯಾರೋ ಒಬ್ಬ ಬಿಡುವಾಗಿ ಸಿಗಲೇಬೇಕು. ಅದನ್ನು ಮುಚ್ಚಲು ಎದುರಾಳಿಯ ಬದಿಯವರು ಒಳಗೆ ಸರಿದರೆ ಗೆರೆಯ ಹತ್ತಿರ ಫ್ರಿಂಪಾಂಗ್ ಅಥವಾ ಗ್ರಿಮಾಲ್ಡೊ ಒಂಟಿ. ಹಿಂದೆ ಸುಮ್ಮನೆ ಆಡಿದಂತೆ ಕಾಣುವ 5 ಮೀಟರ್ ಪಾಸುಗಳು ಗಾಳಕ್ಕೆ ಸಿಕ್ಕಿಸಿದ ಎರೆ. ಒಬ್ಬ ಮೇಲೆ ಬಿದ್ದು ಬಂದರೆ ಅವನ ಬೆನ್ನ ಹಿಂದೆ ಪಾಸ್. ಚೆಂಡು ಹೋದರೂ ಹಿಂದೆ 5 ಜನ ಹತ್ತಿರಹತ್ತಿರ ಇರುತ್ತಾರೆ, ಅಲ್ಲೇ ಮುತ್ತಿಗೆ.

ಎಡವಟ್ಟಾಗುವುದು ವಿಂಗ್‌ಬ್ಯಾಕ್, ಅಂದರೆ ಬದಿಯ ಗೆರೆಯುದ್ದಕ್ಕೂ ಓಡುವ ಫ್ರಿಂಪಾಂಗ್ ಅಥವಾ ಗ್ರಿಮಾಲ್ಡೊ, ಬಿಟ್ಟುಹೋದ ಜಾಗದಲ್ಲಿ. ಅಲ್ಲಿಗೆ ಬದಿಯ ಸೆಂಟರ್‌ಬ್ಯಾಕ್ (ಹಿಂದಿನ 3 ಡಿಫೆಂಡರ್‌ಗಳಲ್ಲಿ ಆ ಬದಿಯವನು) ಓಡಬೇಕು. ಟಾಪ್ಸೋಬಾ, ಕೊಸುನು ಓಡಬಲ್ಲರು. ನಿನ್ನ ಡಿಫೆಂಡರ್‌ಗಳು ನಿಧಾನವಾದರೆ ಈ ರಚನೆಗೆ ಕೈಹಾಕಬೇಡ, 4 ಜನರನ್ನೇ ಹಿಂದೆ ಇಡು.

ಮೇ 22ರಂದು ಡಬ್ಲಿನ್‌ನಲ್ಲಿ, ಯುರೋಪಾ ಲೀಗ್ ಫೈನಲ್‌ನಲ್ಲಿ, ಇಟಲಿಯ ಅಟಲಾಂಟಾ ಈ ಗಂಟನ್ನು ಬಿಚ್ಚಿತು. ತರಬೇತುದಾರ ಗ್ಯಾಸ್ಪೆರಿನಿಯ ಆ ತಂಡ ಮೈದಾನದ ತುಂಬ ಒಬ್ಬನಿಗೊಬ್ಬನನ್ನು ಅಂಟಿಸಿತು, ಬಿಡುವಾದ ಆಟಗಾರನೇ ಉಳಿಯಲಿಲ್ಲ. ಅಂಥ ಹೊತ್ತಿಗೆ ಉದ್ದ ಚೆಂಡು ಹಿಡಿದು ನಿಲ್ಲಿಸುವ ಗಟ್ಟಿ ಸ್ಟ್ರೈಕರ್ ಬೇಕು. ಬೋನಿಫೇಸ್ ಮೊದಲಾರ್ಧ ಬೆಂಚಿನ ಮೇಲಿದ್ದ. ಅಟಲಾಂಟಾದ ಲುಕ್‌ಮನ್ 12, 26, 75ನೇ ನಿಮಿಷಕ್ಕೆ ಮೂರು ಗೋಲು ಹೊಡೆದ. ಋತುವಿನ 53 ಪಂದ್ಯಗಳಲ್ಲಿ ಸೋತದ್ದು ಅದೊಂದೇ. ಮೂರು ದಿನಕ್ಕೆ ಬರ್ಲಿನ್‌ನಲ್ಲಿ ಜಾಕಾ ಗೋಲಿನಿಂದ ಜರ್ಮನ್ ಕಪ್ ಬಂತು, ಕೊಸುನು ಕೆಂಪು ಕಾರ್ಡ್ ತಿಂದು 10 ಜನರೇ ಉಳಿದಿದ್ದರೂ.

ಕೊನೇ ನಿಮಿಷದ ಗೋಲುಗಳಿಗೂ ಕಾರಣ ಇದೆ. 80 ನಿಮಿಷ ಚೆಂಡಿನ ಹಿಂದೆ ಅಡ್ಡಡ್ಡ ಓಡಿದವರ ಕಾಲು ಸೋತಿರುತ್ತದೆ, ಅಷ್ಟು ಹೊತ್ತಿಗೆ ಇವರ ಬೆಂಚಿನಿಂದ ಸ್ಟ್ರೈಕರ್ ಶಿಕ್ ಬರುತ್ತಾನೆ. ಯುರೋಪಾ ಲೀಗ್‌ನಲ್ಲಿ ಅಜರ್‌ಬೈಜಾನ್‌ನ ಕರಾಬಾಗ್ ವಿರುದ್ಧ 90 ನಿಮಿಷ ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ ಎರಡು ಹೊಡೆದವನು ಅವನೇ.

ಹುಡುಗರಿಗೆ ರಚನೆ ಕಲಿಸುವ ಮೊದಲು ಇಷ್ಟು ಮಾಡಿಸು: 10 ಮೀಟರ್ ಚೌಕ, ಹೊರಗೆ ಪಾಸ್ ಮಾಡುವವರು 4, ಒಳಗೆ ಚೆಂಡು ಕಸಿಯುವವರು 2, ಒಬ್ಬೊಬ್ಬರಿಗೆ ಎರಡೇ ಟಚ್. ಚೆಂಡು ಬರುವ ಮೊದಲೇ ಭುಜದಾಚೆ ನೋಡದವನನ್ನು ಒಳಗೆ ಹಾಕು. ಮಂಗಳೂರಿನಲ್ಲಿ ಮಳೆ ಹಿಡಿದಿರಬೇಕು. ನೀರು ನಿಂತ ಮೈದಾನದಲ್ಲಿ ಸಣ್ಣ ಪಾಸ್ ನಡುದಾರಿಯಲ್ಲೇ ನಿಂತು ಎದುರಾಳಿಯ ಕಾಲಿಗೆ ಸಿಗುತ್ತದೆ, ಹಾಗಾಗಿ ಇದನ್ನು ಪಂದ್ಯದಲ್ಲಿ ಸೆಪ್ಟೆಂಬರ್ ಆದ ಮೇಲೆ ಆಡಿಸು. ಅಲ್ಲಿಯತನಕ ಒಳಾಂಗಣ ಅಂಕಣ ಸಿಕ್ಕಿದರೆ ಸಾಕು.

ಇಂತಿ,
ನಿನ್ನ ಅಕ್ಕ