ಗಂಟು ನೀನು ಹಾಕು

ಪ್ರೀತಿಯ ದಾರದುಂಡೆ,

ಚಿಂದಿ ಪಟ್ಟಿಗಳ ಕೌದಿಯ 48 ಚೌಕ ಮುಗಿದವು! ಮೊನ್ನೆ ರಾತ್ರಿ ನೆಲದ ಮೇಲೆ ಸಾಲಿಗೆ ಆರರಂತೆ ಎಂಟು ಸಾಲು ಹಾಸಿ ನೋಡಿದೆ. ನಾಲ್ಕು ಚೌಕ ಕೂಡಿದ ಕಡೆಯೆಲ್ಲ ಓರೆ ಪಟ್ಟಿಗಳು ಸೇರಿಕೊಂಡು ವಜ್ರದ ಆಕಾರ ಬಂದಿದೆ. ಎಲ್ಲ ಚೌಕಕ್ಕೂ ನಡುವಿನ ಪಟ್ಟಿ ಮಾತ್ರ ಕಡುನೀಲಿ. ಉಳಿದದ್ದು ಚಿಂದಿ ಚೀಲದಲ್ಲಿ ಕೈಗೆ ಸಿಕ್ಕಿದ್ದು. ಆ ನೀಲಿ ಇಲ್ಲದಿದ್ದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುತ್ತಿರಲಿಲ್ಲ.

ಪಟ್ಟಿಗಳ ಕೆಳಗೆ ಅಡಿಬಟ್ಟೆ ಯಾಕೆ, ಪಟ್ಟಿಗಳನ್ನೇ ಒಂದಕ್ಕೊಂದು ಹೊಲಿದರೆ ಆಗಲ್ವಾ ಅಂತ ನೀನು ಕೇಳಿದ್ದೆ. ಆಗುತ್ತದೆ, ಆದರೆ ಚಿಂದಿಯಲ್ಲಿ ಎಲ್ಲ ತರಹದ್ದೂ ಇರುತ್ತದೆ. ಒಂದು ತೆಳು, ಒಂದು ದಪ್ಪ, ಒಂದು ಕ್ರಾಸ್ ಆಗಿ, ಅಂದರೆ ಎಳೆಗೆ ಓರೆಯಾಗಿ, ಕತ್ತರಿಸಿದ್ದು. ಮೆಷಿನ್ ಕೆಳಗೆ ಒಂದೊಂದೂ ಒಂದೊಂದು ಕಡೆ ಎಳೆದುಕೊಳ್ಳುತ್ತದೆ. ಅದೂ ಅಲ್ಲದೆ ಮೂಲೆಯಿಂದ ಮೂಲೆಗೆ ಹೊಲಿದಾಗ ಚೌಕದ ಅಂಚೆಲ್ಲ ಕ್ರಾಸ್ ಬರುತ್ತದೆ. ಮುಟ್ಟಿದರೆ ಹಿಗ್ಗುತ್ತದೆ. ಕೆಳಗೆ ನೇರ ಎಳೆಯ ಬಟ್ಟೆ ಇದ್ದರೆ ಅದು ಹಿಡಿದುಕೊಳ್ಳುತ್ತದೆ.

ನಾನು ಹಳೇ ಹತ್ತಿಯ ಹಾಸಿಗೆ ಬಟ್ಟೆ ತೆಗೆದುಕೊಂಡೆ. ಮೊದಲೇ ಒಗೆದು, ಕುಗ್ಗುವುದೆಲ್ಲ ಕುಗ್ಗಲಿ ಅಂತ ಬಿಟ್ಟು, 9 ಇಂಚಿನ ಚೌಕ ಮಾಡಿದೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ನೀಲಿ ಪಟ್ಟಿ ಸೀದಾ ಇಟ್ಟು, ಅದರ ಮೇಲೆ ಇನ್ನೊಂದನ್ನು ಉಲ್ಟಾ ಇಟ್ಟು, ಕಾಲಿಂಚು ಬಿಟ್ಟು ಹೊಲಿಗೆ. ಮಗುಚಿ ಇಸ್ತ್ರಿ. ಮತ್ತೆ ಇನ್ನೊಂದು. ಮೂಲೆ ತುಂಬಿದ ಮೇಲೆ ಕವುಚಿ ಹಾಕಿದರೆ ಬಣ್ಣದ ಗದ್ದಲವೆಲ್ಲ ಕೆಳಗೆ ಹೋಗಿ ಬರೀ ಬಿಳಿ ಚೌಕ ಕಾಣುತ್ತದೆ. ಅದರ ಮೇಲೆ ಹೊಲಿಗೆಯ ಗೆರೆಗಳು, ಸುತ್ತ ಹೊರಗೆ ಚಾಚಿದ ಪಟ್ಟಿಗಳ ತುದಿಗಳು. ಆ ತುದಿ ಕತ್ತರಿಸಿ ಎಂಟೂವರೆ ಇಂಚಿಗೆ ತಂದು ಮತ್ತೆ ಸೀದಾ ಮಾಡಿದಾಗ ಪ್ರತಿ ಸಲವೂ ಖುಷಿ. 48 ಸಲವೂ.

ಮೊದಲು ಅಡಿಬಟ್ಟೆಯ ಬದಲು ಕಾಗದದ ಮೇಲೆ ಶುರು ಮಾಡಿದ್ದೆ. ಹೊಲಿಗೆ ಚಿಕ್ಕದು ಮಾಡಿಕೊಂಡರೆ, ಒಂದೂವರೆ ಮಿಲಿಮೀಟರ್ ಸಾಕು, ಸೂಜಿ ತೂತು ಹತ್ತಿರ ಹತ್ತಿರ ಬಿದ್ದು ಕಾಗದ ಸಲೀಸಾಗಿ ಹರಿಯುತ್ತದೆ. ಕೌದಿ ಹಗುರವೂ ಆಗುತ್ತದೆ. ನಾಲ್ಕು ಚೌಕಕ್ಕೆ ನಿಲ್ಲಿಸಿದೆ. ಕಾಗದ ಹರಿಯಲು ಹೆಬ್ಬೆರಳು ಬೇಕು.

ಇದನ್ನು ನಿನಗೆ ಹೇಳಿಲ್ಲ. ಒಂದೂವರೆ ವರ್ಷದಿಂದ ಬಲಗೈ ಹೆಬ್ಬೆರಳಿನ ಬುಡ ನೋಯುತ್ತಿದೆ. ರೋಟರಿ ಕಟರ್, ಅದೇ ಬಟ್ಟೆ ಕತ್ತರಿಸುವ ಚಕ್ರದ ಬ್ಲೇಡು, ಒತ್ತಿ ಹಿಡಿದರೆ ಮೊಣಕೈವರೆಗೂ ಹರಿದಂತೆ ಆಗುತ್ತದೆ. ನಾವಿಬ್ಬರೂ ಸೇರಿ ಸಣ್ಣ ತ್ರಿಕೋನದ ಕೌದಿ ಮಾಡೋಣ ಅಂತ ನೀನು ಅಂದಾಗ ಟೈಮಿಲ್ಲ ಅಂದೆನಲ್ಲ, ಅದು ಸುಳ್ಳು. ಟೈಮ್ ಇತ್ತು. 12 ತ್ರಿಕೋನ ಕತ್ತರಿಸಿ, ಆಮೇಲೆ ಡಬ್ಬಿ ಮುಚ್ಚಿ ಕೂತಿದ್ದೆ.

ಎಲ್ಲರ ಮುಂದೆ ಏನು ಹೇಳಿಕೊಂಡೆ? ನೇರ ಗೆರೆ ಸಾಕಾಯಿತು, ಇನ್ನು ಮನಸ್ಸಿಗೆ ಬಂದ ಹಾಗೆ ಹೊಲಿಯುತ್ತೇನೆ ಅಂತ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಊರಿನ ಹೆಂಗಸರು ಹಳೇ ಕೆಲಸದ ಬಟ್ಟೆಗಳಲ್ಲಿ ಮಾಡಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್‌ನ ಕಲಾ ಮ್ಯೂಸಿಯಂನಲ್ಲಿ ತೂಗುಹಾಕಿದ್ದರಲ್ಲ, ಅವರ ಹೆಸರನ್ನೂ ಎಳೆದು ತಂದೆ. ಅವರ ಓರೆ ಗೆರೆಗಳು ಅವರು ನೋಡಿ, ಬೇಕು ಅಂತ ಇಟ್ಟವು. ನಾನು ಅದರ ಹಿಂದೆ ನನ್ನ ಹೆಬ್ಬೆರಳು ಬಚ್ಚಿಟ್ಟೆ. ಹಾಗಾಗಿ ಈ ಪತ್ರವನ್ನೂ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ನೋವಿಗಿಂತ ಜಾಸ್ತಿ ಕಾಡಿದ್ದು ಬೇರೆ. ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಬಟ್ಟೆ, ದಾರ, ಮೂಲೆ ಕೂಡಿತಾ ಇಲ್ಲವಾ ಅಂತಲೇ. ಈ ಕೈ ನಿಂತರೆ ನೀನು ಫೋನ್ ಮಾಡುತ್ತೀಯಾ? ರಾತ್ರಿ ಎಷ್ಟೋ ಸಲ ಇದೇ ಯೋಚನೆ. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಇರಲಿ.

ಆದರೆ ಒಂದು ಮಾತು ನಿಜ. ನೆಪಕ್ಕೆ ಹಿಡಿದ ಈ ಪಟ್ಟಿ ಕೆಲಸ ನನಗೆ ಈಗ ನಿಜವಾಗಿ ಇಷ್ಟ. ಅಳತೆ ಹಿಡಿದು ಕತ್ತರಿಸುವ ಹಂಗಿಲ್ಲ. ಒಂದು ಇಂಚಿನದ್ದಾಗಲಿ ಎರಡೂವರೆಯದ್ದಾಗಲಿ, ಬಂದದ್ದು ಬರಲಿ. ಮೂಲೆಗೆ ಮಾತ್ರ ಅಗಲದ್ದು ಇಡಬೇಕು, ಇಲ್ಲದಿದ್ದರೆ ಅಲ್ಲಿ ಚೂರು ಬಟ್ಟೆ, ಹೊಲಿಗೆ ಎಲ್ಲ ಸೇರಿ ಗಡ್ಡೆಯಾಗುತ್ತದೆ.

ಈಗ ಕೆಲಸದ ಮಾತು. ನಿನ್ನ ಚಿಂದಿ ಚೀಲ ಕಳಿಸು, ಇನ್ನೊಂದು ಕೌದಿಗೆ ಬೇಕು. ಆ ಕಂದು ಬಟ್ಟೆ ಮಾತ್ರ ಬೇಡ, ದಯವಿಟ್ಟು.

ಆಮೇಲೆ ನೀನೇ ಬಾ. ಅಡಿಬಟ್ಟೆ ಇರುವುದರಿಂದ ಕೌದಿ ಈಗಲೇ ದಪ್ಪ. ಒಳಗೆ ತೆಳು ಹತ್ತಿ ಪದರವೇ ಸಾಕು, ಆದರೂ ಕೈಹೊಲಿಗೆ ಹಾಕಲು ಸೂಜಿ ಇಳಿಯುವುದು ಕಷ್ಟ. ಚೌಕದ ಮೂಲೆಗೊಂದು, ನಡುವೆ ಒಂದು ಗಂಟು ಹಾಕಿ ಕಟ್ಟೋಣ. ಗಂಟು ನೀನು ಹಾಕು. ಸೂಜಿಗೆ ದಾರ ನಾನು ಪೋಣಿಸಿ ಕೊಡುತ್ತಾ ಕೂರುತ್ತೇನೆ.

ನಿನ್ನ,
ಕತ್ತರಿ